ನಾಲ್ವರು ಗೆಳತಿಯರು, ನಾಲ್ಕು ಸೂಟ್‌ಕೇಸು, ಹತ್ತು ರಾತ್ರಿ

ಪ್ಯಾರಿಸ್, ಸ್ವಿಟ್ಜರ್‌ಲೆಂಡಿನ ಲುಸೆರ್ನ್, ಇಟಲಿಯ ಮಿಲಾನ್. ಹತ್ತು ರಾತ್ರಿಗೆ ಮೂರೇ ಊರು. "ಅಷ್ಟು ದೂರ ಹೋಗಿ ರೋಮ್ ನೋಡದೆ ಬರೋದಾ?" ಅಂತ ನಮ್ಮಲ್ಲಿ ಒಂದು ವಾರ ಜಗಳ ನಡೆಯಿತು. ನಾನು ಜಗ್ಗಲಿಲ್ಲ. ಐವತ್ತು ದಾಟಿದವರು ದಿನ ಬಿಟ್ಟು ದಿನ ಗಂಟುಮೂಟೆ ಕಟ್ಟಿದರೆ ಊರು ನೋಡುವುದು ಯಾವಾಗ?

ಮೊದಲು ಯಾವ ದೇಶದಲ್ಲಿ ಎಷ್ಟು ರಾತ್ರಿ ಅಂತ ಬರೆದುಕೊಳ್ಳಿ. ಷೆಂಗೆನ್ ವೀಸಾಕ್ಕೆ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಜಾಸ್ತಿ ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ನಮ್ಮದು ಪ್ಯಾರಿಸ್ 3, ಲುಸೆರ್ನ್ 4, ಮಿಲಾನ್ 3. ಹಾಗಾಗಿ ಸ್ವಿಟ್ಜರ್‌ಲೆಂಡ್. ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದವರ ಸೇವಾ ಶುಲ್ಕ. ಪ್ರಯಾಣದ ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್‌ನದ್ದಿರಬೇಕು.

ವಿಮಾನಕ್ಕೆ ರೌಂಡ್ ಟ್ರಿಪ್ ಬೇಡ, 'ಮಲ್ಟಿ ಸಿಟಿ' ಒತ್ತಿ. ಹೋಗುವುದು ಪ್ಯಾರಿಸ್‌ಗೆ, ವಾಪಸ್ ಮಿಲಾನ್‌ನಿಂದ. ಬಂದ ದಾರಿಯಲ್ಲೇ ಹಿಂದಿರುಗಿದರೆ ಸುಮ್ನೆ ಒಂದು ದಿನ ದಂಡ.

ಇಳಿದ ದಿನವೇ ದೂರದ ರೈಲು ಹತ್ತುವ ಸಾಹಸ ಬೇಡ. ಹಿಂದಿನ ಪ್ರವಾಸದಲ್ಲಿ ನಮ್ಮ ವಿಮಾನ ಮೂರು ಗಂಟೆ ತಡವಾಗಿ, ನಾಲ್ಕು ರೈಲು ಟಿಕೆಟ್ ನೀರಿಗೆ ಹೋದವು. ಅಗ್ಗದ ಟಿಕೆಟ್, ದುಡ್ಡು ವಾಪಸ್ ಇಲ್ಲ. ಬೇರೆ ಬೇರೆ ತೆಗೆದ ಟಿಕೆಟ್ ಆದ್ದರಿಂದ ವಿಮಾನದವರೂ ಕೇಳಲಿಲ್ಲ, ರೈಲಿನವರೂ ಕೇಳಲಿಲ್ಲ.

ರೈಲಿಗೆ ಯೂರೇಲ್ ಪಾಸ್, ಅಂದರೆ ಹಲವು ದೇಶಗಳ ರೈಲಿಗೆ ನಡೆಯುವ ಒಂದೇ ಪಾಸ್, ಬೇಕಾ? ಎರಡು ಮೂರು ಪ್ರಯಾಣಕ್ಕೆ ಬೇಡ ಅನ್ನುತ್ತೇನೆ. ಪಾಸ್ ಇದ್ದರೂ ಫ್ರಾನ್ಸ್‌ನ ವೇಗದ ರೈಲು ಟಿಜಿವಿಯಲ್ಲಿ ಸೀಟಿಗೆ ಬೇರೆ ದುಡ್ಡು ಕಟ್ಟಬೇಕು. ಮೂರು ತಿಂಗಳು ಮೊದಲೇ ಬಿಡಿ ಟಿಕೆಟ್ ತೆಗೆದರೆ ಸಾಕಷ್ಟು ಕಡಿಮೆಗೆ ಸಿಗುತ್ತದೆ.

ಪ್ಯಾರಿಸ್‌ನಿಂದ ಸ್ವಿಟ್ಜರ್‌ಲೆಂಡ್‌ಗೆ ಹೋಗುವ ಟಿಜಿವಿ ಹೊರಡುವುದು ಗಾರ್ ದ ಲಿಯೋಂ ನಿಲ್ದಾಣದಿಂದ. ಟಿಕೆಟ್ ನೋಡಿದ ನಮ್ಮ ಮೈಸೂರಿನ ಗೆಳತಿ "ಅಯ್ಯೋ, ಲಿಯೋಂ ಬೇರೆ ಊರಲ್ವೇನೇ!" ಅಂತ ಗಾಬರಿಯಾದಳು. ಲಿಯೋಂ ಊರು ಬೇರೆ ಇದೆ, ನಿಜ. ಈ ನಿಲ್ದಾಣ ಮಾತ್ರ ಪ್ಯಾರಿಸ್‌ನಲ್ಲೇ ಇದೆ. ಅಲ್ಲಿ ಪ್ಲಾಟ್‌ಫಾರ್ಮ್‌ಗಳು ಒಂದು ಹಾಲ್‌ನಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ. ಯಾವುದು ಅಂತ ಬೋರ್ಡಿನಲ್ಲಿ ಬರುವುದು ಹೊರಡುವ ಸುಮಾರು ಇಪ್ಪತ್ತು ನಿಮಿಷ ಮೊದಲು. ಬಾಗಿಲು ಹೊರಡುವ ಎರಡು ನಿಮಿಷ ಮೊದಲೇ ಮುಚ್ಚುತ್ತದೆ. ನಮ್ಮೂರಿನ ಹಾಗೆ ಚಲಿಸುವ ರೈಲಿಗೆ ಹಾರುವ ಮಾತೇ ಇಲ್ಲ.

ಈ ರೈಲು ಡಬಲ್ ಡೆಕ್ಕರ್. ನೋಟ ಚೆನ್ನ ಅಂತ ಮೇಲಿನ ಸೀಟು ತೆಗೆದುಕೊಂಡು, ಕಿರಿದಾದ ಮೆಟ್ಟಿಲಲ್ಲಿ ನಾಲ್ಕು ಪೆಟ್ಟಿಗೆ ಎಳೆದೆವು. ಕೂಲಿಯವರಿಲ್ಲ. ನೀವು ಕೆಳಗಿನ ಸೀಟೇ ಕೇಳಿ. ನಿಮ್ಮ ಪೆಟ್ಟಿಗೆ ನೀವೇ ಎತ್ತುವಷ್ಟಿರಲಿ, ಗೆಳತಿ ಎತ್ತಿಕೊಡುತ್ತಾಳೆ ಅನ್ನುವ ಲೆಕ್ಕ ಬೇಡ. ಅವಳ ಸೊಂಟಕ್ಕೂ ವಯಸ್ಸಾಗಿದೆ.

ಲುಸೆರ್ನ್‌ಗೆ ಬಾಸೆಲ್‌ನಲ್ಲಿ ಇಳಿದು ರೈಲು ಬದಲಿಸಿ, ಅಲ್ಲಿಂದ ಸುಮಾರು ಒಂದು ಗಂಟೆ. ಸ್ವಿಸ್ ಒಳಗಿನ ಸಾಮಾನ್ಯ ರೈಲುಗಳಲ್ಲಿ ಸೀಟು ಕಾದಿರಿಸಬೇಕಿಲ್ಲ. ಮುಂದೆ ಮಿಲಾನ್‌ಗೆ ಹೋಗುವ ವೇಗದ ರೈಲು 57 ಕಿಲೋಮೀಟರ್ ಉದ್ದದ ಗೊಟ್ಥಾರ್ಡ್ ಸುರಂಗದಲ್ಲಿ ನುಗ್ಗುತ್ತದೆ. ಬೇಗ ತಲುಪುತ್ತೀರಿ, ಆದರೆ ಕಿಟಕಿಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಪುರುಸೊತ್ತಿದ್ದರೆ ಬೆಟ್ಟ ಹತ್ತುವ ಹಳೇ ದಾರಿಯಲ್ಲಿ ಬೆಲಿಂಜೋನಾವರೆಗೆ ಹೋಗಿ ಅಲ್ಲಿ ರೈಲು ಬದಲಿಸಿ. ವಾಸೆನ್ ಊರಿನ ಚರ್ಚು ಮೂರು ಸಲ, ಮೂರು ಎತ್ತರದಿಂದ ಕಾಣುತ್ತದೆ. ನಾವು ಮೂರು ಸಲವೂ ಕೈ ಬೀಸಿದೆವು.

ಟಿಕೆಟ್‌ಗಳೆಲ್ಲ ನಾಲ್ಕೂ ಫೋನಿನಲ್ಲಿರಲಿ. ಒಬ್ಬಳ ಫೋನ್ ಸತ್ತರೆ ನಾಲ್ವರೂ ಕೆಟ್ಟಂತೆ. ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ.

ಖರ್ಚಿಗೆ ಒಂದು ಕಾಮನ್ ಪರ್ಸ್ ಮಾಡಿ. ತಲೆಗೆ ನೂರು ಯೂರೋ ಹಾಕಿ, ಕಾಫಿ, ಬಸ್ಸು, ನಿಲ್ದಾಣದ ಶೌಚಾಲಯ ಎಲ್ಲ ಅದರಿಂದಲೇ. ಚಿಲ್ಲರೆ ಇಟ್ಟುಕೊಳ್ಳಿ, ಶೌಚಾಲಯಕ್ಕೆ ಬೇಕಾಗುತ್ತದೆ. ವಾಪಸಾಗುವಾಗ ಮಾಲ್ಪೆನ್ಸಾ ವಿಮಾನ ನಿಲ್ದಾಣದಲ್ಲಿ ಪರ್ಸ್ ಸುರಿದೆವು. ಎರಡು ಕಾಫಿಗಾಗುವಷ್ಟು ಉಳಿದಿತ್ತು. ಬೈಟು ಮಾಡಿಕೊಂಡೆವು.