ಎಂಟುನೂರು ನಾಣ್ಯ ಮತ್ತು ಒಂದು ನೋಟ್‌ಬುಕ್

2021ರ ಮೇ 8ರ ಶನಿವಾರ ರಾತ್ರಿ ನಾನು 40,000 ರೂಪಾಯಿ ಕೊಟ್ಟು 800 ಡೋಜ್‌ಕಾಯಿನ್ ಕೊಂಡೆ. ಅಂತರ್ಜಾಲದಲ್ಲಷ್ಟೇ ಇರುವ ಕ್ರಿಪ್ಟೋ ನಾಣ್ಯಗಳಲ್ಲಿ ಅದೊಂದು. ಆ ನಾಣ್ಯವನ್ನು 2013ರಲ್ಲಿ ತಮಾಷೆಗೆಂದು ಹುಟ್ಟುಹಾಕಿದ್ದರೆಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕೊಂಡೆ. ಅಮೆರಿಕದ ಹಾಸ್ಯ ಕಾರ್ಯಕ್ರಮವೊಂದನ್ನು ಆ ರಾತ್ರಿ ಈಲಾನ್ ಮಸ್ಕ್ ನಡೆಸಿಕೊಡುವವರಿದ್ದರು, ಆ ನಾಣ್ಯದ ಬಗ್ಗೆ ಅವರ ಬಾಯಿಂದ ಒಂದು ಮಾತು ಬಿದ್ದರೆ ಸಾಕು ಬೆಲೆ ಹಾರುತ್ತದೆಂದು ನನ್ನಂಥ ಎಲ್ಲರೂ ನಂಬಿದ್ದೆವು. ಕಾರ್ಯಕ್ರಮ ಶುರುವಾದಾಗ ನಮಗಿಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ತಟ್ಟೆಯಲ್ಲಿದ್ದ ದೋಸೆ ಆರುವಷ್ಟರಲ್ಲಿ ಬೆಲೆ ಇಳಿಯತೊಡಗಿತು. ಕೆಲವೇ ಗಂಟೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕರಗಿತ್ತು.

ಆಗ ಮಾರಲಿಲ್ಲ. ಮಾರಿದರೆ ನಷ್ಟ ನಿಜವಾಗುತ್ತದೆ, ಮಾರದಿದ್ದರೆ ಅದು ಬರೀ ಪರದೆಯ ಮೇಲಿನ ಕೆಂಪು ಅಂಕಿ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಮರುದಿನದಿಂದ ರಾಜ್ಯದಲ್ಲಿ ಲಾಕ್‌ಡೌನ್ ಬಿಗಿಯಾಯಿತು, ಮನೆಯಿಂದಲೇ ಕೆಲಸ, ಕೈಯಲ್ಲಿ ಸದಾ ಫೋನು. ಷೇರುಪೇಟೆಯಾದರೂ ಮಧ್ಯಾಹ್ನ ಮೂರೂವರೆಗೆ ಮುಚ್ಚುತ್ತದೆ. ಈ ಪೇಟೆಗೆ ರಾತ್ರಿಯಿಲ್ಲ, ಭಾನುವಾರವಿಲ್ಲ, ಹಬ್ಬವಿಲ್ಲ. ಮೇ 19ರಂದು ಕ್ರಿಪ್ಟೋ ನಾಣ್ಯಗಳಲ್ಲೆಲ್ಲ ದೊಡ್ಡದಾದ ಬಿಟ್‌ಕಾಯಿನ್ 30,000 ಡಾಲರ್‌ಗೆ ಕುಸಿದು ಉಳಿದ ನಾಣ್ಯಗಳನ್ನೂ ಎಳೆದುಕೊಂಡು ಬಿದ್ದಾಗ, ಹನ್ನೊಂದು ದಿನ ಹಿಡಿದಿಟ್ಟುಕೊಂಡಿದ್ದ ಧೈರ್ಯ ಒಂದೇ ಗಂಟೆಯಲ್ಲಿ ಹೋಯಿತು. 800 ನಾಣ್ಯಗಳನ್ನೂ 26 ರೂಪಾಯಿಯಂತೆ ಮಾರಿದೆ. ಕೈಗೆ ಬಂದದ್ದು 20,800. ಮರುದಿನವೇ ಬೆಲೆ ನಾನು ಮಾರಿದ್ದಕ್ಕಿಂತ ಮೇಲಿತ್ತು.

ಇದನ್ನು ಆಸೆಯಿಂದ ಕೊಂಡು ಭಯದಿಂದ ಮಾರಿದ ಕಥೆಯೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅದು ಸರಿಯಲ್ಲವೆಂದು ತಿಳಿದದ್ದು ನೋಟ್‌ಬುಕ್ ಇಟ್ಟ ಮೇಲೆ. ಪ್ರತಿ ಸಲ ಕೊಳ್ಳುವ ಅಥವಾ ಮಾರುವ ಮೊದಲು ದಿನಾಂಕ, ಬೆಲೆ ಮತ್ತು ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕೆಂದು ನಿಯಮ ಮಾಡಿಕೊಂಡಿದ್ದೆ. ಮೂರು ತಿಂಗಳಾದ ಮೇಲೆ ಓದಿ ನೋಡಿದರೆ, ಕಾರಣದ ಜಾಗದಲ್ಲಿ ಬೇರೆ ಬೇರೆ ಮಾತಿನಲ್ಲಿ ಇದ್ದದ್ದು ಒಂದೇ ಸಂಗತಿ: ನಿನ್ನೆ ಏರಿತು, ಅದಕ್ಕೆ ಕೊಂಡೆ, ನಿನ್ನೆ ಇಳಿಯಿತು, ಅದಕ್ಕೆ ಮಾರಿದೆ. ಆ ಶನಿವಾರ ರಾತ್ರಿ ನನ್ನನ್ನು ನೂಕಿದ್ದೂ ಲಾಭದ ಆಸೆಗಿಂತ ಹೆಚ್ಚಾಗಿ, ಜೊತೆಯವರೆಲ್ಲ ಬಸ್ಸು ಹತ್ತಿ ನಾನೊಬ್ಬನೇ ಉಳಿದುಬಿಟ್ಟೇನೆಂಬ ಅಂಜಿಕೆ. ದುರಾಸೆಯೆಂದು ನಾನು ಕರೆಯುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಭಯವೇ ಇತ್ತು.

ಇನ್ನೊಂದು ಚಾಳಿಯೂ ಆ ಪುಟಗಳಲ್ಲಿ ಸಿಕ್ಕಿಬಿತ್ತು. ಲಾಭದಲ್ಲಿದ್ದ ನಾಣ್ಯವನ್ನು ಶೇ. 8ರಿಂದ 10 ಏರಿದೊಡನೆ ಮಾರುತ್ತಿದ್ದೆ, ನಷ್ಟದಲ್ಲಿದ್ದುದನ್ನು ತಿಂಗಳುಗಟ್ಟಲೆ ಸಾಕುತ್ತಿದ್ದೆ. ಹರ್ಷ್ ಶೆಫ್ರಿನ್ ಮತ್ತು ಮೀರ್ ಸ್ಟಾಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಷೇರು ಹೂಡಿಕೆದಾರರ ಈ ಸ್ವಭಾವವನ್ನು 1985ರಲ್ಲೇ ವಿವರಿಸಿದ್ದಾರೆಂದು ಆಮೇಲೆ ಓದಿ, ನನ್ನದು ಹೊಸ ರೋಗವಲ್ಲವೆಂದು ತುಸು ಸಮಾಧಾನಪಟ್ಟೆ. ಆದರೆ ಲೆಕ್ಕ ಸಮಾಧಾನ ಹೇಳುವುದಿಲ್ಲ. ಅರ್ಧಕ್ಕಿಳಿದದ್ದು ಮೊದಲಿನ ಬೆಲೆಗೆ ಬರಬೇಕಾದರೆ ಎರಡು ಪಟ್ಟಾಗಬೇಕು.

ಭಯ ಮತ್ತು ದುರಾಸೆಯನ್ನು ಸೊನ್ನೆಯಿಂದ ನೂರರವರೆಗೆ ಅಳೆಯುವ ಸೂಚ್ಯಂಕವೊಂದಿದೆ. ಬೆಲೆಯ ಏರಿಳಿತ, ವಹಿವಾಟಿನ ಪ್ರಮಾಣ, ಸಾಮಾಜಿಕ ಜಾಲತಾಣಗಳ ಸದ್ದು ಮುಂತಾದವನ್ನು ಕೂಡಿಸಿ ಅದನ್ನು ದಿನವೂ ಲೆಕ್ಕ ಹಾಕುತ್ತಾರೆ. 2022ರ ಮೇ ಮಧ್ಯದಲ್ಲಿ ಅದು ಹತ್ತರ ಆಸುಪಾಸಿಗೆ ಇಳಿದಾಗ, ಎಲ್ಲರೂ ಹೆದರಿರುವಾಗ ಕೊಳ್ಳುವವನೇ ಜಾಣ ಎಂದುಕೊಂಡು 30,000 ಡಾಲರ್ ಬೆಲೆಯಲ್ಲಿ ಬಿಟ್‌ಕಾಯಿನ್‌ನ ಒಂದು ಚೂರು ಕೊಂಡೆ. ಜೂನ್ 18ಕ್ಕೆ ಅದು 18,000ಕ್ಕಿಂತಲೂ ಕೆಳಗಿತ್ತು. ಸೂಚ್ಯಂಕ ಸುಳ್ಳು ಹೇಳಿರಲಿಲ್ಲ. ಜನ ಹೆದರಿದ್ದಾರೆಂದು ಅದು ಹೇಳಿತ್ತು, ಇದಕ್ಕಿಂತ ಹೆಚ್ಚು ಹೆದರಲಾರರೆಂದು ನಾನೇ ಸೇರಿಸಿಕೊಂಡಿದ್ದೆ.

ಅದೇ ವರ್ಷ ಏಪ್ರಿಲ್ 1ರಿಂದ ಜಾರಿಗೆ ಬಂದ ತೆರಿಗೆ ನಿಯಮ, ಕಳೆದದ್ದನ್ನು ಕೂಡಲೇ ಗೆದ್ದುಕೊಳ್ಳಬೇಕೆಂಬ ನನ್ನ ಚಪಲಕ್ಕೆ ಲಗಾಮು ಹಾಕಿತು. ಲಾಭಕ್ಕೆ ಶೇ. 30 ತೆರಿಗೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದರಲ್ಲಿ 20,000 ಬಂದು ಇನ್ನೊಂದರಲ್ಲಿ 20,000 ಹೋದರೆ, ಜೇಬಿಗೆ ಏನೂ ಬರದಿದ್ದರೂ ಸೆಸ್ ಸೇರಿ 6,240 ರೂಪಾಯಿ ಕಟ್ಟಬೇಕು. ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ. 1 ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕೂಡ ಕಡಿತವಾಗತೊಡಗಿತು. ದಿನಕ್ಕೆ ನಾಲ್ಕು ಸಲ ಕೊಂಡು ಮಾರುವವನಿಗೆ ಇದರ ಅರ್ಥ ಬೇಗ ತಿಳಿಯುತ್ತದೆ.

ಕೊನೆಗೆ ದಾರಿ ಸಿಕ್ಕಿದ್ದು ಮನೆಯಲ್ಲೇ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಅಡಿಕೆಯನ್ನು ಅಪ್ಪ ಎಂದೂ ಒಂದೇ ಸಲಕ್ಕೆ ಮಾರಿದವರಲ್ಲ. ಅಡಿಕೆಗೊನೆ ಕೊಯ್ಯುವ ಕೂಲಿಗೆಂದು ಸ್ವಲ್ಪ, ಸೊಸೈಟಿ ಸಾಲಕ್ಕೆಂದು ಸ್ವಲ್ಪ ಮಾರಿ, ಉಳಿದದ್ದನ್ನು ಮಂಡಿಯಲ್ಲಿಟ್ಟು ಮಳೆಗಾಲ ಕಾಯುತ್ತಾರೆ. ಧಾರಣೆ ಏರಿದ ವರ್ಷ ಎಲ್ಲ ಕೊಟ್ಟುಬಿಡಬಾರದೇ ಎಂದು ಕೇಳಿದರೆ, “ಧಾರಣೆ ನೋಡಿ ಮಾರಾಕೆ ಕೂತ್ರೆ ನಿದ್ದೆ ಬರಲ್ಲ ಕಣೋ, ಕೆಲಸ ನೋಡಿ ಮಾರ್ಬೇಕು” ಎನ್ನುತ್ತಾರೆ. ನಾನೂ ಹಾಗೆಯೇ ಮಾಡತೊಡಗಿದೆ. ಪೂರ್ತಿ ಹೋದರೂ ಮನೆಯ ಖರ್ಚಿಗೆ ತಟ್ಟದಷ್ಟು ಮೊತ್ತವನ್ನು ಮಾತ್ರ ಪ್ರತಿ ತಿಂಗಳು 5ನೇ ತಾರೀಖು ಹಾಕುವುದು, ಯಾವ ಬೆಲೆಗೆ ಎಷ್ಟು ಪಾಲು ಮಾರಬೇಕೆಂಬುದನ್ನು ಕೊಳ್ಳುವ ದಿನವೇ ಬರೆದಿಡುವುದು. ಮನಸ್ಸು ಬದಲಾದರೆ ನೋಟ್‌ಬುಕ್‌ನಲ್ಲಿ ತಿದ್ದಬಹುದು, ಆದರೆ ತಿದ್ದಿದ್ದು ಮರುದಿನದಿಂದ ಮಾತ್ರ ಜಾರಿ. ಸಾಲ ಪಡೆದು ಹತ್ತು ಪಟ್ಟು ವಹಿವಾಟು ನಡೆಸುವ ಫ್ಯೂಚರ್ಸ್ ಕಡೆಗೆ ತಲೆಯನ್ನೇ ಹಾಕುವುದಿಲ್ಲ. ಅಲ್ಲಿ ಬೆಲೆ ಶೇ. 10 ಎದುರು ತಿರುಗಿದರೆ ಇಟ್ಟ ಹಣವೇ ಉಳಿಯುವುದಿಲ್ಲ.

2024ರ ಮಾರ್ಚ್ 5ರಂದು ಬಿಟ್‌ಕಾಯಿನ್ 69,000 ಡಾಲರ್ ದಾಟಿ ಹಳೆಯ ದಾಖಲೆ ಮುರಿದಾಗ, ಮೊದಲೇ ಬರೆದಿಟ್ಟಿದ್ದಂತೆ ಕಾಲು ಭಾಗ ಮಾರಾಟವಾಯಿತು. ಕೆಲವೇ ಗಂಟೆಗಳಲ್ಲಿ ಬೆಲೆ 60,000ಕ್ಕಿಂತ ಕೆಳಗಿಳಿದಾಗ ನನಗೆ ನಾನೇ ಮಹಾ ಜಾಣನೆನಿಸಿ, ಮಾರಿದ ಹಣವನ್ನೆಲ್ಲ ಮತ್ತೆ ಹಾಕಲು ಕೈ ಫೋನಿನತ್ತ ಹೋಗಿತ್ತು. ಅದನ್ನೂ ಬರೆದಿಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಅದೇ ಬಿಟ್‌ಕಾಯಿನ್ ಲಕ್ಷ ಡಾಲರ್ ದಾಟಿದ ದಿನದ ಪುಟದಲ್ಲಿರುವುದು ಎರಡೇ ಸಾಲು: ಮಾರ್ಚ್‌ನಲ್ಲಿ ಮಾರಿದ್ದಕ್ಕೆ ಹೊಟ್ಟೆ ಉರಿಯಿತು, ಏನನ್ನೂ ಕೊಳ್ಳಲಿಲ್ಲ.