ಪಕ್ಕದ ಸಾಧನಗಳಿಗೆ ಕೆಲಸ ಹಂಚಿದ ನನ್ನ ಅನುಭವ

ಕ್ಯಾಮೆರಾ ಚಿತ್ರಗಳ ವಿಶ್ಲೇಷಣೆಯನ್ನು ಕ್ಲೌಡ್‌ಗೆ ಕಳಿಸದೆ ಫಾಗ್ ಜಾಲದ, ಅಂದರೆ ಕ್ಯಾಮೆರಾಗಳ ಹತ್ತಿರವೇ ಇರುವ, ಸಣ್ಣ ಸಾಧನಗಳಲ್ಲೇ ಮುಗಿಸುತ್ತೇನೆ ಎಂದಾಗ ಜೊತೆಗಾರರು ಯಾರೂ ಒಪ್ಪಿರಲಿಲ್ಲ. ದೊಡ್ಡದೊಂದು ಸರ್ವರ್ ಕೊಂಡುಬಿಡು ಎಂಬುದೇ ಎಲ್ಲರ ಸಲಹೆಯಾಗಿತ್ತು. ಈಗ ಆರು ರಾಸ್ಪ್‌ಬೆರಿ ಪೈ 4, ಎರಡು ಜೆಟ್ಸನ್ ನ್ಯಾನೊ (ಇವೆರಡೂ ಬಗೆಯವು ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರುಗಳು) ಮತ್ತು ಒಂದು ಹಳೆಯ ಲ್ಯಾಪ್‌ಟಾಪ್ ಸೇರಿ ಸುಮಾರು ಐದು ತಿಂಗಳಿಂದ ಆ ಕೆಲಸವನ್ನು ನಿಭಾಯಿಸುತ್ತಿವೆ.

ಮೊದಲ ಎರಡು ತಿಂಗಳ ಶ್ರಮ ಪೂರ್ತಿ ವ್ಯರ್ಥವಾಯಿತು. ಗೇಟ್‌ವೇಯ ಶೆಡ್ಯೂಲರ್ (ಕೆಲಸ ಹಂಚುವ ತಂತ್ರಾಂಶ) ಎರಡು ಸೆಕೆಂಡಿಗೊಮ್ಮೆ ಎಲ್ಲ ನೋಡ್‌ಗಳ, ಅಂದರೆ ಜಾಲದ ಒಂದೊಂದು ಸಾಧನದ, ಸಿಪಿಯು ಬಳಕೆಯನ್ನು ವಿಚಾರಿಸಿ, ಹೊರೆ ಕಡಿಮೆ ಇದ್ದ ಕಡೆ ಕೆಲಸ ತಳ್ಳುತ್ತಿತ್ತು. ಆದರೆ ಆ ಎರಡು ಸೆಕೆಂಡುಗಳಲ್ಲಿ ಬಂದ ಚಿತ್ರಗಳೆಲ್ಲ ಒಂದೇ ನೋಡ್‌ನ ಮೇಲೆ ಬಿದ್ದು, ಮುಂದಿನ ಸುತ್ತಿನಲ್ಲಿ ಇನ್ನೊಂದರ ಮೇಲೆ ಬೀಳುತ್ತಿದ್ದವು. ಮೂರನೆಯ ಪೈ ಒಂದೇ ನಿಧಾನವಾದ ದಿನ ಅರ್ಧ ದಿನವೆಲ್ಲ ಕೋಡ್‌ನಲ್ಲಿ ತಪ್ಪು ಹುಡುಕಿದೆ; ಕೊನೆಗೆ ತಾಪಮಾನ ನೋಡಿದರೆ 82 ಡಿಗ್ರಿ! 80 ದಾಟಿದರೆ ಪೈ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಬಳಕೆಯ ಅಂಕಿಯಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಫ್ಯಾನ್ ಮತ್ತು ಹೀಟ್‌ಸಿಂಕ್‌ಗಳಿಗೇ ಬೋರ್ಡುಗಳ ಬೆಲೆಯ ಐದನೆಯ ಒಂದು ಭಾಗದಷ್ಟು ಖರ್ಚಾಯಿತು.

ಕೆಲಸ ತಳ್ಳುವುದನ್ನೇ ಕೈಬಿಟ್ಟು, ಬಿಡುವಾದ ನೋಡ್ ತಾನಾಗಿ ಬಂದು ಎತ್ತಿಕೊಳ್ಳುವಂತೆ ಮಾಡಿದ ಮೇಲೆ ಎಲ್ಲವೂ ದಾರಿಗೆ ಬಂತು. ಬಿಸಿಯೇರಿದ ನೋಡ್ ತಾನಾಗಿಯೇ ಕಡಿಮೆ ಕೇಳುತ್ತದೆ, ಜೆಟ್ಸನ್ ತನ್ನ ಶಕ್ತಿಗೆ ತಕ್ಕಂತೆ ಹೆಚ್ಚು ಕೇಳುತ್ತದೆ. ಎತ್ತಿಕೊಂಡ ಪ್ರತಿ ಕೆಲಸಕ್ಕೂ ಗಡುವುಂಟು. ಅದರೊಳಗೆ ಉತ್ತರ ಬಾರದಿದ್ದರೆ ಕೆಲಸ ಮತ್ತೆ ಸರದಿಗೆ ಸೇರುತ್ತದೆ. ಸಾಧನಗಳ ನಡುವೆ ಸಂದೇಶ ಸಾಗಿಸುವ ಎಂಕ್ಯೂಟಿಟಿಯಲ್ಲಿ ಕ್ಯೂಓಎಸ್ 1 (ಕನಿಷ್ಠ ಒಮ್ಮೆಯಾದರೂ ತಲುಪಿಸುವ ಬಗೆ) ಬಳಸಿದರೆ ಒಂದೇ ಸಂದೇಶ ಎರಡು ಸಲ ತಲುಪಬಹುದಾದ್ದರಿಂದ, ಕೆಲಸದ ಗುರುತಿನ ಸಂಖ್ಯೆ ನೋಡಿ ಎರಡನೆಯ ಉತ್ತರವನ್ನು ಬಿಸಾಡುತ್ತೇನೆ. ಇದನ್ನು ಮರೆತಿದ್ದ ವಾರ ಎಣಿಕೆಗಳೆಲ್ಲ ಉಬ್ಬಿಕೊಂಡು ಬಂದಿದ್ದವು. ಚಿತ್ರವನ್ನು ಬ್ರೋಕರ್ (ಸಂದೇಶಗಳನ್ನು ಪಡೆದು ಹಂಚುವ ಮಧ್ಯವರ್ತಿ ತಂತ್ರಾಂಶ) ಮೂಲಕ ಕಳಿಸುವುದಿಲ್ಲ, ಅದರ ವಿಳಾಸವನ್ನಷ್ಟೇ ಕಳಿಸುತ್ತೇನೆ. ಯಾವ ನೋಡ್‌ಗೆ ಎಷ್ಟು ಗಡುವು ಎಂಬ ಸೂತ್ರವನ್ನು ಹಲವು ರಾತ್ರಿ ಕುಳಿತು ಕಂಡುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸರಾಸರಿ ಸಮಯವನ್ನು ನಂಬಿ ಗಡುವು ಇಡಬೇಡಿ ಎಂದಷ್ಟು ಹೇಳಬಲ್ಲೆ.

ನಡುವೆ ಮೂಲೆ ಸೇರಿದ್ದ ನಾಲ್ಕು ಆಂಡ್ರಾಯ್ಡ್ ಫೋನ್‌ಗಳನ್ನೂ ಜಾಲಕ್ಕೆ ಸೇರಿಸಿ ನೋಡಿದೆ. ಚಾರ್ಜರ್ ತೆಗೆದರೆ, ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಿನ್ನೆಲೆಯ ಕೆಲಸ ನಿಲ್ಲುತ್ತಿತ್ತು. ಸದಾ ಚಾರ್ಜಿಗೆ ಹಾಕಿಟ್ಟರೆ, ಎರಡು ಫೋನ್‌ಗಳ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳವೇ ಎದ್ದು ಬಂತು. ಬೆಂಕಿಯ ಭಯದಿಂದ ಅಂದೇ ಆ ಪ್ರಯೋಗವನ್ನು ನಿಲ್ಲಿಸಿದೆ.

ಕ್ಲೌಡ್‌ಗೆ ಹೋಗಿ ಬರಲು ಒಂದು ಚಿತ್ರಕ್ಕೆ ಸುಮಾರು 900 ಮಿಲಿಸೆಕೆಂಡು ಹಿಡಿಯುತ್ತಿತ್ತು, ಈಗ 250ರ ಆಸುಪಾಸಿನಲ್ಲಿದೆ. ತಿಂಗಳ ಬಿಲ್ಲು ಕಾಲು ಭಾಗಕ್ಕೆ ಇಳಿದಿದೆ. ಮೊದಲು ನಂಬದಿದ್ದ ಸಹೋದ್ಯೋಗಿಯೊಬ್ಬರ ಎದುರೇ ಕಳೆದ ವಾರ ಎರಡು ನೋಡ್‌ಗಳ ವಿದ್ಯುತ್ ತಂತಿಯನ್ನು ಕಿತ್ತೆ. ಸರದಿ 40ರವರೆಗೆ ಬೆಳೆದು, ಒಂದೂವರೆ ನಿಮಿಷದಲ್ಲಿ ಮತ್ತೆ ಬರಿದಾಯಿತು. ಒಂದು ಚಿತ್ರವೂ ಕಳೆದುಹೋಗಲಿಲ್ಲ.