ಎಂಟು ಇಂಚಿನ ಟೆಲಿಸ್ಕೋಪಿನಲ್ಲಿ ಮೈಕ್ರೋಲೆನ್ಸಿಂಗ್: ನನ್ನ ಅನುಭವ

ಧನು ರಾಶಿಯ ಆ ನಕ್ಷತ್ರ ಸಂತೆಯಲ್ಲಿ, ಎಂಟು ಇಂಚಿನ ನ್ಯೂಟೋನಿಯನ್ ಟೆಲಿಸ್ಕೋಪ್ ಇಟ್ಟುಕೊಂಡು ಮೈಕ್ರೋಲೆನ್ಸಿಂಗ್ (ನಡುವೆ ಬಂದ ನಕ್ಷತ್ರದ ಗುರುತ್ವ ಹಿಂದಿನ ನಕ್ಷತ್ರದ ಬೆಳಕನ್ನು ಬಗ್ಗಿಸಿ, ಅದನ್ನು ಕೆಲ ಕಾಲ ಹೆಚ್ಚು ಹೊಳೆಯಿಸುವುದು) ಅಳೆಯುತ್ತೇನೆ ಅಂದಾಗ ಜೊತೆಯವರು ನಕ್ಕಿದ್ದರು. "ಓಗಲ್‌ನವರಿಗೇ 1.3 ಮೀಟರ್ ಬೇಕು, ನಿಮ್ಮದು ಯಾವ ಲೆಕ್ಕ ಸಾರ್?" ಎಂದರು ಒಬ್ಬರು. ಓಗಲ್ ಅಂದರೆ ಇಂಥ ಘಟನೆ ಹುಡುಕುವ ದೊಡ್ಡ ಸರ್ವೆ. ಅವರ ಮೇಲೆ ಸಿಟ್ಟಿಲ್ಲ. ಒಂದು ನಕ್ಷತ್ರ ಇನ್ನೊಂದರ ಬೆಳಕನ್ನು ಹೀಗೆ ಬಗ್ಗಿಸುವುದನ್ನು ನೋಡಲು ಸಿಗುವ ಸಾಧ್ಯತೆ ಅಷ್ಟಾಗಿ ಇಲ್ಲ ಅಂತ ಐನ್‌ಸ್ಟೈನ್ ಅವರೇ 1936ರಲ್ಲಿ ಬರೆದಿದ್ದರು. ಈಗ ಪೀಕಿನ ಆಚೀಚೆ ವಾರಕ್ಕಿಂತ ಸ್ವಲ್ಪ ಜಾಸ್ತಿಯ ಲೈಟ್ ಕರ್ವ್ (ಹೊಳಪು ಏರಿಳಿದ ಗ್ರಾಫ್) ನನ್ನ ಕೈಯಲ್ಲಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಕೋಟಿಗಟ್ಟಲೆ ನಕ್ಷತ್ರಗಳಲ್ಲಿ ಹೊಸ ಘಟನೆ ಹುಡುಕುವುದು ಸರ್ವೆಗಳ ಕೆಲಸ. ಅವರು ಅಲರ್ಟ್ ಕೊಟ್ಟ ಮೇಲೆ ಹಿಂಬಾಲಿಸುವುದಕ್ಕೆ ಅಷ್ಟು ದೊಡ್ಡ ಕನ್ನಡಿ ಬೇಡ. ಓಗಲ್-2005-ಬಿಎಲ್‌ಜಿ-071 ಘಟನೆಯಲ್ಲಿ ನ್ಯೂಜಿಲೆಂಡಿನ ಹವ್ಯಾಸಿಗಳು 35 ಸೆಂಟಿಮೀಟರ್ ಟೆಲಿಸ್ಕೋಪಿನಲ್ಲಿ ತೆಗೆದ ಅಳತೆಗಳು ಒಂದು ಗ್ರಹ ಹಿಡಿಯುವುದಕ್ಕೇ ನೆರವಾದವು. ನನ್ನದು ಅದಕ್ಕಿಂತ ಚಿಕ್ಕದು, ಅಷ್ಟೇ.

ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನನ್ನ ಘಟನೆಯ ನಕ್ಷತ್ರ ಮಾಮೂಲಿ ದಿನಗಳಲ್ಲಿ 17 ಮ್ಯಾಗ್ನಿಟ್ಯೂಡಿಗಿಂತ ಮಂಕು (ಈ ಹೊಳಪಿನ ಅಳತೆಯಲ್ಲಿ ಸಂಖ್ಯೆ ಹೆಚ್ಚಾದಷ್ಟು ಮಂಕು). ನನ್ನ ಕ್ಯಾಮೆರಾಗೆ ಅದು ಕಾಣುವುದೇ ಇಲ್ಲ. ಆದರೆ ಯು ಸೊನ್ನೆ (ಎರಡು ನಕ್ಷತ್ರಗಳು ಎಷ್ಟು ನೇರಕ್ಕೆ ಬರುತ್ತವೆ ಅನ್ನೋ ಅಳತೆ, ಚಿಕ್ಕದಾದಷ್ಟು ಹೊಳಪು ಜಾಸ್ತಿ) 0.1ರ ಹತ್ತಿರ ಅಂದರೆ ಪೀಕಿನಲ್ಲಿ ಹತ್ತು ಪಟ್ಟು, ಅಂದರೆ ಎರಡೂವರೆ ಮ್ಯಾಗ್ನಿಟ್ಯೂಡ್ ಏರಿಕೆ. ಐನ್‌ಸ್ಟೈನ್ ಕಾಲ (ಘಟನೆ ಎಷ್ಟು ಉದ್ದ ಅನ್ನೋದರ ಅಳತೆ) ಇಪ್ಪತ್ತೈದು ದಿನದಷ್ಟಿದ್ದರೆ ಐದು ಪಟ್ಟಿಗಿಂತ ಮೇಲೆ ಎಂಟೊಂಬತ್ತು ದಿನ ಸಿಗುತ್ತದೆ. ಆ ಕಿಟಕಿಯಲ್ಲಿ ಚಂದ್ರ ಎಲ್ಲಿರುತ್ತಾನೆ ಅಂತ ಮೊದಲು ನೋಡಿ. ಹುಣ್ಣಿಮೆ ಬಿದ್ದರೆ ಮುಂದಿನ ಅಲರ್ಟ್ ಕಾಯಿರಿ.

ಇನ್ನು ಸೋಲುಗಳ ಕಥೆ. ಮೊದಲ ಸೀಸನ್ ಪೂರ್ತಿ ಅಪರ್ಚರ್ ಫೋಟೋಮೆಟ್ರಿಯಲ್ಲೇ, ಅಂದರೆ ನಕ್ಷತ್ರದ ಸುತ್ತ ವೃತ್ತ ಎಳೆದು ಒಳಗಿನ ಬೆಳಕು ಅಳೆಯುವುದರಲ್ಲೇ, ಕಳೆಯಿತು. ಸೀಯಿಂಗ್ ಕೆಟ್ಟಾಗೆಲ್ಲ (ಗಾಳಿಯ ಅಲುಗಾಟದಿಂದ ಚಿತ್ರ ಮಸುಕಾದಾಗೆಲ್ಲ) ಪಕ್ಕದ ನಕ್ಷತ್ರದ ಬೆಳಕು ಒಳಗೆ ಬಂದು ನನ್ನ ನಕ್ಷತ್ರ "ಹೊಳೆಯುತ್ತಿತ್ತು". ಕರ್ವ್ ಅಂದುಕೊಂಡದ್ದು ಬರೀ ಗಾಳಿಯ ಗ್ರಾಫ್. ಪಿಎಸ್‌ಎಫ್ ಫಿಟ್ಟಿಂಗ್ (ನಕ್ಷತ್ರದ ಚುಕ್ಕೆಯ ಆಕಾರ ಹೊಂದಿಸಿ ಅಳೆಯುವುದು) ಸ್ವಲ್ಪ ಮೇಲು, ಆದರೆ ಎರಡು ಆರ್ಕ್‌ಸೆಕೆಂಡ್ ದೂರದ ನೆರೆಯವನನ್ನು ಬೇರೆ ಮಾಡಲು ಅದಕ್ಕೂ ಆಗಲಿಲ್ಲ.

ಹಾಗಾಗಿ ಡಿಫರೆನ್ಸ್ ಇಮೇಜಿಂಗಿಗೆ ಬಂದೆ: ಪ್ರತಿ ಚಿತ್ರದಿಂದ ಒಂದು ರೆಫರೆನ್ಸ್ ಚಿತ್ರವನ್ನು ಕಳೆದರೆ ಬದಲಾದದ್ದು ಮಾತ್ರ ಉಳಿಯುತ್ತದೆ. ದುಡ್ಡು ಹೋದದ್ದು ಇಲ್ಲೇ. ಹೆಚ್ಚು ಆಕಾಶ ಸಿಗಲಿ ಅಂತ ಫೋಕಲ್ ರಿಡ್ಯೂಸರ್ ತಂದೆ. ನಕ್ಷತ್ರಗಳು ಎರಡು ಪಿಕ್ಸೆಲ್‌ಗಿಂತ ಚಿಕ್ಕದಾಗಿ, ಡಿಫರೆನ್ಸ್ ಇಮೇಜಿಂಗಿನ ಕರ್ನಲ್ (ಎರಡು ಚಿತ್ರಗಳ ಮಸುಕನ್ನು ಸರಿಹೊಂದಿಸುವ ಲೆಕ್ಕ) ಕೂರಲೇ ಇಲ್ಲ. ಅರ್ಧ ಬೆಲೆಗೆ ಮಾರಿದೆ. ಆಮೇಲೆ ಎಲ್ಲರೂ ಹೇಳಿದರು ಅಂತ ಸ್ಟ್ಯಾಂಡರ್ಡ್ ಐ ಫಿಲ್ಟರ್ (ಕೆಂಪಿನಾಚೆಯ ಬೆಳಕನ್ನು ಬಿಡುವಂಥದ್ದು) ತಂದೆ. ಅದರ ಬೆಲೆ ಕೇಳಬೇಡಿ, ಗೈಡ್ ಕ್ಯಾಮೆರಾಗಿಂತ ಜಾಸ್ತಿ. ನನ್ನ ಸೀಮಾಸ್ ಚಿಪ್ ಆ ಅಲೆಯುದ್ದದಲ್ಲಿ ಕುರುಡು ಅನ್ನಬಹುದು. ಫಿಲ್ಟರೇ ಇಲ್ಲದೆ ತೆಗೆದರೆ ಇನ್ನೊಂದು ತೊಂದರೆ: ನಕ್ಷತ್ರ ಕೆಳಗಿಳಿದಂತೆ ವಾತಾವರಣ ನೀಲಿ ಮತ್ತು ಕೆಂಪು ನಕ್ಷತ್ರಗಳನ್ನು ಬೇರೆ ಬೇರೆಯಾಗಿ ಸರಿಸುತ್ತದೆ. ರೆಫರೆನ್ಸ್ ಕಳೆದು ಉಳಿದ ಚಿತ್ರದಲ್ಲಿ ಎಲ್ಲೆಲ್ಲೂ ಕಪ್ಪು-ಬಿಳುಪು ಜೋಡಿ ಚುಕ್ಕೆಗಳು. ಕೊನೆಗೆ ಕೈಹಿಡಿದದ್ದು ಅಗ್ಗದ ಕೆಂಪು ಲಾಂಗ್‌ಪಾಸ್ ಫಿಲ್ಟರ್. ಮ್ಯಾಗ್ನಿಟ್ಯೂಡ್ ಸ್ಟ್ಯಾಂಡರ್ಡ್ ಆಗಿರಲ್ಲ, ಸರಿ. ಲೆನ್ಸಿಂಗಿಗೆ ನಮಗೆ ಬೇಕಾದ್ದು ಎಷ್ಟು ಪಟ್ಟು ಅನ್ನೋದು ಮಾತ್ರ ಅಲ್ವಾ?

ಈಗಿನ ಕ್ರಮ ಇದು. ಒಂದು ನಿಮಿಷದ ಫ್ರೇಮ್‌ಗಳು, ಹತ್ತು-ಹದಿನೈದನ್ನು ಸೇರಿಸಿ ಒಂದು ಬಿಂದು. ರೆಫರೆನ್ಸ್‌ಗೆ ಇಡೀ ಸೀಸನ್ನಿನ ಅತ್ಯುತ್ತಮ ಒಂದೇ ರಾತ್ರಿ, ಹಲವು ರಾತ್ರಿಗಳನ್ನು ಬೆರೆಸಬೇಡಿ. ಆ ರಾತ್ರಿ ಘಟನೆ ನಡೆಯುತ್ತಿದ್ದರೂ ಪರವಾಗಿಲ್ಲ, ಉಳಿದ ಬಿಂದುಗಳು ಮೈನಸ್‌ನಲ್ಲಿ ಬರುತ್ತವೆ, ಅಷ್ಟೇ. ಆಮೇಲೆ ಹಾಟ್‌ಪ್ಯಾಂಟ್ಸ್, ಅಂದರೆ ಚಿತ್ರ ಕಳೆಯುವ ಸಾಫ್ಟ್‌ವೇರ್. ಕರ್ನಲ್‌ಗೆ ನಕ್ಷತ್ರಗಳನ್ನು ಅದರ ಪಾಡಿಗೆ ಆರಿಸಿಕೊಳ್ಳಲು ಬಿಟ್ಟರೆ ಈ ಸಂತೆಯಲ್ಲಿ ಕೆಲಸ ಕೆಡುತ್ತದೆ. ನಾನು ಹೇಗೆ ಆರಿಸುತ್ತೇನೆ ಅನ್ನೋದನ್ನು ಇನ್ನೊಂದು ಸೀಸನ್ ಕಳೆಯುವವರೆಗೆ ಹೇಳಲ್ಲ, ಕ್ಷಮಿಸಿ. ಸುಳಿವು ಬೇಕಾದರೆ: ಪ್ರಕಾಶಮಾನವಾದವು ಒಳ್ಳೆಯವೇ ಆಗಿರಬೇಕಿಲ್ಲ.

ಪೀಕಿನಲ್ಲಿ ಎರಡು-ಮೂರು ಶೇಕಡಾ ನಿಖರತೆ ಬಂತು. ಐನ್‌ಸ್ಟೈನ್ ಕಾಲ ನನ್ನ ಡೇಟಾ ಒಂದರಿಂದಲೇ ಸಿಗುವುದಿಲ್ಲ, ಬೇಸ್‌ಲೈನ್ (ಮಾಮೂಲಿ ದಿನಗಳ ಹೊಳಪು) ಇಲ್ಲವಲ್ಲ. ಅದನ್ನು ಸರ್ವೆಯಿಂದ ತೆಗೆದುಕೊಂಡೆ. ಪೀಕಿನ ಹೊತ್ತು ಮಾತ್ರ ಸ್ವತಃ ಫಿಟ್ ಮಾಡಿದೆ. ಅವರ ಲೆಕ್ಕಕ್ಕೂ ನನ್ನದಕ್ಕೂ ಗಂಟೆ ಎರಡು ಗಂಟೆಯ ವ್ಯತ್ಯಾಸ. ಹೇಳಿಕೊಳ್ಳಬೇಕಾದ ಮಾತು ಇನ್ನೊಂದಿದೆ: ತುದಿಯ ಹತ್ತಿರ ನನ್ನ ಬಿಂದುಗಳು ಬಿದ್ದ ಜಾಗದಲ್ಲಿ ಸರ್ವೆಯ ಬಿಂದುಗಳೇ ಇರಲಿಲ್ಲ. ಸರ್ವೆಯ ಟೆಲಿಸ್ಕೋಪ್ ಇರುವ ಕಡೆ ಆಗ ಹಗಲು. ನಕ್ಕವರಿಗೆ ಆ ಗ್ರಾಫನ್ನೇ ಕಳಿಸಿದೆ.

ಮಧ್ಯೆ ಅಡ್ಡದಾರಿಗಳೂ ಇದ್ದವು. ಒಂದು ಅಲರ್ಟನ್ನು ಹಸಿರು, ಕೆಂಪು ಎರಡರಲ್ಲೂ ತೆಗೆದೆ. ಲೆನ್ಸ್ ಆದರೆ ಎರಡೂ ಒಟ್ಟಿಗೆ ಏರಬೇಕು. ಇದು ಏರುತ್ತಾ ನೀಲಿಯಾಯಿತು. ಯಾವುದೋ ಡ್ವಾರ್ಫ್ ನೋವಾ (ತಾನಾಗಿಯೇ ಆಗಾಗ ಉಕ್ಕಿ ಹೊಳೆಯುವ ಜೋಡಿ ನಕ್ಷತ್ರ) ಇರಬೇಕು, ಬಿಟ್ಟೆ. ವೈನ್ ಗ್ಲಾಸಿನ ಬುಡದ ಮೂಲಕ ಎಲ್‌ಇಡಿ ನೋಡಿ, ಲೆನ್ಸಿಂಗಿನಲ್ಲಿ ಬರುವಂಥ ಉಂಗುರ ಬರಿಸುವ ಆಟವನ್ನೂ ಆಡಿದೆ. ಫೋಟೋಮೆಟ್ರಿಗೆ ಅದರಿಂದ ನಯಾಪೈಸೆ ಲಾಭವಿಲ್ಲ, ಆದರೆ ಮಗಳಿಗೆ ಇಷ್ಟವಾದದ್ದು ಅದೊಂದೇ.

ಕಪ್ಪುಕುಳಿ ಹಿಡಿಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಸುಮ್ನೆ ಆಸೆ ಹುಟ್ಟಿಸಲಾರೆ. ಬೆಳಕು ಬಗ್ಗಿಸುವ ವಸ್ತುವಿನ ದ್ರವ್ಯರಾಶಿ ಹೆಚ್ಚಾದಂತೆ ಘಟನೆ ಉದ್ದವಾಗುತ್ತದೆ, ನಿಜ. ಕಪ್ಪುಕುಳಿಯದ್ದು ಎನ್ನಲಾದ ಓಗಲ್-2011-ಬಿಎಲ್‌ಜಿ-0462 ಘಟನೆಯ ಐನ್‌ಸ್ಟೈನ್ ಕಾಲ 270 ದಿನದ ಹತ್ತಿರ. ಆದರೆ ನಿಧಾನವಾಗಿ ಸರಿಯುವ ಸಾಮಾನ್ಯ ನಕ್ಷತ್ರವೂ ಉದ್ದದ ಘಟನೆ ಕೊಡುತ್ತದೆ. ದ್ರವ್ಯರಾಶಿ ಹೇಳಲು ಖಗೋಳ ವಿಜ್ಞಾನಿ ಕೈಲಾಶ್ ಸಾಹು ಅವರ ತಂಡ ಹಬಲ್‌ನಲ್ಲಿ ವರ್ಷಗಟ್ಟಲೆ ನಕ್ಷತ್ರದ ಜಾಗ ಅಳೆಯಬೇಕಾಯಿತು, ಅದೂ ಮಿಲಿಆರ್ಕ್‌ಸೆಕೆಂಡ್ ಲೆಕ್ಕದ ಜರುಗು. 2022ರಲ್ಲಿ ಅವರು ಸುಮಾರು ಏಳು ಸೂರ್ಯರಷ್ಟು ಅಂದರು. ಅದೇ ವಸ್ತುವಿಗೆ ಇನ್ನೊಂದು ತಂಡ ಅದಕ್ಕಿಂತ ತುಂಬಾ ಕಡಿಮೆ ಅಂದಿತ್ತು. ಅಂಥವರೇ ಜಗ್ಗಾಡಿದ ಜಾಗದಲ್ಲಿ ನಾವು ಬೆಳಕಿನ ಬಿಂದು ಕೊಡಬಹುದು, ಅಷ್ಟೇ.

ನಿಮ್ಮ ಹಳೆಯ ಧನು ರಾಶಿಯ ಫ್ರೇಮ್‌ಗಳಿದ್ದರೆ ಅಪರ್ಚರ್ ಬಿಟ್ಟು ಡಿಫರೆನ್ಸ್‌ನಲ್ಲಿ ಮತ್ತೊಮ್ಮೆ ಓಡಿಸಿ. ನಕ್ಷತ್ರ ಎರಡೂವರೆ ಪಿಕ್ಸೆಲ್‌ಗಿಂತ ಅಗಲವಿರಲಿ. ಆ ರಾತ್ರಿಯ ಫ್ಲ್ಯಾಟ್ (ಕ್ಯಾಮೆರಾದ ಏರುಪೇರು ತಿದ್ದಲು ತೆಗೆಯುವ ಸಮ ಬೆಳಕಿನ ಚಿತ್ರ) ಇಲ್ಲದಿದ್ದರೆ ಮಾತ್ರ ಕೈ ಹಾಕಬೇಡಿ.